ಇವತ್ತು ಯಾರ ಶ್ರುತಿ?

ಭಾನುವಾರ. ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬೀದಿಯ ಅಂಗಡಿಗಳೆಲ್ಲ ಮುಚ್ಚಿವೆ, ಒಂದರ ಷಟರ್ ಮಾತ್ರ ಅರ್ಧ ಎದ್ದಿದೆ. ಅದರ ಮುಂದೆ ಪುಟ್ಟ ಪುಟ್ಟ ಚಪ್ಪಲಿಗಳ ರಾಶಿ. ಒಳಗಿನಿಂದ ಜೇನುಗೂಡಿನಂತೆ ಗುಂಯ್‌ಗುಡುವ ತಗ್ಗು ದನಿ. ಹಾಲಿನವನು ಸೈಕಲ್ ನಿಲ್ಲಿಸಿ, ಏನಪ್ಪಾ ಇದು ಎಂದು ಬಗ್ಗಿ ನೋಡುತ್ತಾನೆ.

ಬಿಚ್ಚಿಟ್ಟ ಹಾರ್ಮೋನಿಯಂಗಳ ನಡುವೆ ಇಪ್ಪತ್ತು ಮಕ್ಕಳು ಬಾಯಿ ಮುಚ್ಚಿಕೊಂಡು ಒಂದೇ ಸ್ವರ ಹಿಡಿದು ನಿಂತಿದ್ದಾರೆ. ಅವರಿಂದ ಹಾಡಿಸಬೇಕಾದ ಹೆಂಗಸು ಮಾತ್ರ ಒಂದು ಹಾರ್ಮೋನಿಯಂ ಒಳಗೆ ತಲೆ ತೂರಿಸಿ, ಆಗಲೇ ಬಿಗಿಯಾಗಿರುವ ಸ್ಕ್ರೂವನ್ನು ಮತ್ತೆ ಬಿಗಿ ಮಾಡುತ್ತಿದ್ದಾರೆ.

ಹಾರ್ಮೋನಿಯಂ ರಿಪೇರಿ ಇವರಿಗೆ ಅಪ್ಪನಿಂದ ಬಂದ ಕಸುಬು. ಅಪ್ಪ ಹಾರ್ಮೋನಿಯಂಗೆ ‘ಪೆಟ್ಟಿಗೆ’ ಎನ್ನುತ್ತಿದ್ದರು, ಮಗಳು ಮಕ್ಕಳ ಬಾಯಲ್ಲಿ ‘ಪೆಟ್ಟಿಗೆ ಅಕ್ಕ’ ಆಗಿದ್ದಾರೆ. ತಲೆಗೂದಲು ನೋಡಿದರೆ ಅಜ್ಜಿ ಎನ್ನಬೇಕು. “ಅಜ್ಜಿ ಅಂದವರನ್ನ ಹಿಂದಿನ ಸಾಲಿಗೆ ಹಾಕ್ತೀನಿ,” ಎನ್ನುತ್ತಾರೆ, ನಗದೆ. ಇಷ್ಟು ಬೇಗ ಅಭ್ಯಾಸ ಯಾಕೆಂದರೆ ಎದುರಿಗೇ ವೆಲ್ಡಿಂಗ್ ಅಂಗಡಿ. ಅದು ಬಾಗಿಲು ತೆಗೆದ ಮೇಲೆ ದೇವರೇ ಇಳಿದು ಬಂದು ಹಾಡಿದರೂ ಕೇಳುವುದಿಲ್ಲ.

ಈ ಮಕ್ಕಳ ಗಾಯನವೃಂದ ಹುಟ್ಟಿದ್ದು ಒಂದು ಜಗಳದಿಂದ. ಪಕ್ಕದ ಮನೆಯ ಅಣ್ಣ ತಂಗಿ ಅಂಗಡಿ ಮೆಟ್ಟಿಲ ಮೇಲೆ ಜುಟ್ಟು ಹಿಡಿದುಕೊಂಡಿದ್ದರು. “ನಂಗೆ ತಲೆ ಚಿಟ್ಟುಹಿಡಿದುಹೋಯ್ತು. ಬನ್ರೋ ಇಲ್ಲಿ, ಈ ಸ್ವರ ಹಿಡ್ಕೊಂಡು ನಿಂತ್ಕೊಳಿ ಅಂದೆ. ಸ್ವರ ಸೇರಬೇಕು ಅಂದ್ರೆ ಪಕ್ಕದವರ ದನಿ ಕೇಳಿಸ್ಕೋಬೇಕಲ್ಲ, ಇನ್ನು ಜಗಳ ಎಲ್ಲಿಂದ ಆಡ್ತಾರೆ?” ಎನ್ನುತ್ತಾರೆ ಪೆಟ್ಟಿಗೆ ಅಕ್ಕ. ಮರುದಿನ ಇಬ್ಬರೂ ಗೆಳೆಯರ ದಂಡು ಕಟ್ಟಿಕೊಂಡು ಬಂದರು.

ಇಲ್ಲಿನ ಪದ್ಧತಿಯೇ ವಿಚಿತ್ರ. ಹಾಡುವ ಮುನ್ನ ಪೆಟ್ಟಿಗೆ ಅಕ್ಕ ಕೇಳುತ್ತಾರೆ: “ಇವತ್ತು ಯಾರ ಶ್ರುತಿ?” ಮನಸ್ಸು ಸರಿಯಿಲ್ಲದ ಮಗು ಕೈಯೆತ್ತಿ ತನಗೆ ಬಂದ ಸ್ವರ ಗುನುಗುತ್ತದೆ. ಉಳಿದವರೆಲ್ಲ ಅಲ್ಲಿಗೇ ಬಂದು ಸೇರಬೇಕು. ಕಾರಣ ಕೇಳುವಂತಿಲ್ಲ. ಯಾರೂ ಕೈಯೆತ್ತದ ದಿನ ಹಾರ್ಮೋನಿಯಂನದೇ ಶ್ರುತಿ. ಹೀಗಾಗಿ ಹಾಡು ಒಂದು ವಾರ ಪಾತಾಳದಲ್ಲಿದ್ದರೆ ಇನ್ನೊಂದು ವಾರ ಅಟ್ಟದ ಮೇಲಿರುತ್ತದೆ. ಹೆತ್ತವರು ಮೂಗು ಮುರಿದರೆ ಪೆಟ್ಟಿಗೆ ಅಕ್ಕ ಹೇಳುತ್ತಾರೆ: “ಬೇಜಾರಲ್ಲಿರೋ ಮಗೂಗೆ ಮೇಲೆ ಬಾ ಅಂತ ಎಲ್ರೂ ಹೇಳ್ತಾರೆ. ನಾವು ಕೆಳಗಿಳಿದು ಜೊತೇಲಿ ನಿಂತ್ಕೋತೀವಿ. ಆಮೇಲೆ ಒಟ್ಟಿಗೇ ಹತ್ತಿದ್ರಾಯ್ತು.”

ಒಬ್ಬಳು ಮಾತ್ರ ಇದುವರೆಗೆ ಕೈಯೆತ್ತಿಲ್ಲ. ತಾಯಿ ತೀರಿಕೊಂಡ ಮೇಲೆ ಚಿಕ್ಕಮ್ಮನ ಮನೆಗೆ ಬಂದ ಎಂಟು ವರ್ಷದ ಹುಡುಗಿ. ಅಂದಿನಿಂದ ಮಾತೇ ಇಲ್ಲ. “ತಲೆ ಆಡಿಸ್ತಾಳೆ ಅಷ್ಟೇ. ಅವಳ ದನಿ ಹೇಗಿತ್ತು ಅನ್ನೋದೇ ನಂಗೆ ಮರೆತುಹೋಗ್ತಿದೆ,” ಎನ್ನುತ್ತಾರೆ ಚಿಕ್ಕಮ್ಮ. ಹಾಡದವಳಿಗೆ ವೃಂದದಲ್ಲೇನು ಕೆಲಸ ಎಂದು ಕೆಲವರು ಗೊಣಗಿದರು. ಪೆಟ್ಟಿಗೆ ಅಕ್ಕ ಅವಳನ್ನು ಹಾರ್ಮೋನಿಯಂ ಹಿಂದೆ ಕೂರಿಸಿ ತಿದಿ ಒತ್ತಲು ಹೇಳಿದರು. “ಅವಳು ಗಾಳಿ ಕೊಡ್ದಿದ್ರೆ ನಿಮ್ಮ ಮಕ್ಕಳಿಗೆ ಸ್ವರವೇ ಇಲ್ಲ,” ಎಂದರು. ಗೊಣಗಾಟ ನಿಂತಿತು.

ಈ ಬೆಳಗ್ಗೆ ಯಾರೂ ಕೈಯೆತ್ತಲಿಲ್ಲ. ಹುಡುಗಿ ತಿದಿ ಒತ್ತಿದರೆ ಬುಸ್ ಎಂದಿತೇ ಹೊರತು ಸ್ವರ ಬರಲಿಲ್ಲ. ತಿದಿಯ ಚರ್ಮವನ್ನು ಇಲಿ ಕೊರೆದಿತ್ತು. ದೀಪದ ಬುಡದಲ್ಲೇ ಕತ್ತಲೆ ಎಂದು ಪೆಟ್ಟಿಗೆ ಅಕ್ಕನೇ ನಕ್ಕರು. ಅಂಗಡಿಯಲ್ಲಿದ್ದ ಬೇರೆಯವೆಲ್ಲ ಬಿಚ್ಚಿಟ್ಟವು. ಅದರಲ್ಲೊಂದನ್ನು ಜೋಡಿಸಲು ಪೆಟ್ಟಿಗೆ ಅಕ್ಕ ಅದರೊಳಗೆ ತಲೆ ತೂರಿಸಿದರು. ಆಗ ಹಾರ್ಮೋನಿಯಂ ಹಿಂದಿನಿಂದ ಸಣ್ಣಗೆ, ನಡುಗುತ್ತಾ, ತೀರಾ ಕೆಳಗಿನ ಒಂದು ಸ್ವರ ಬಂತು. ಮುಂದಿನ ಸಾಲಿನವಳೊಬ್ಬಳು ಅದಕ್ಕೆ ದನಿ ಕೂಡಿಸಿದಳು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಕೆಳಗಿಳಿದರು. ಹಾಲಿನವನು ಬಗ್ಗಿ ನೋಡಿದ್ದು ಈ ಸದ್ದಿಗೇ. ಹೊರಗೆ ಚಪ್ಪಲಿಗಳ ಪಕ್ಕ ಕೂತಿದ್ದ ಚಿಕ್ಕಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಾರೆ.

“ನಾನು ತಲೆಯೆತ್ತಿದ್ದಿದ್ರೆ ನಿಲ್ಲಿಸಿಬಿಡ್ತಿದ್ಲು,” ಎನ್ನುತ್ತಾರೆ ಪೆಟ್ಟಿಗೆ ಅಕ್ಕ, ಮಕ್ಕಳು ಹೋದ ಮೇಲೆ.

ತಿದಿ ರಿಪೇರಿ ಯಾವಾಗ ಎಂದು ಕೇಳಿದರೆ ಹರಿದ ಚರ್ಮದ ಮೇಲೆ ಬೆರಳಾಡಿಸುತ್ತಾರೆ.

“ಚರ್ಮ ಅಂಟಿಸೋಕೆ ಎಷ್ಟು ಹೊತ್ತು? ಊರವರದ್ದನ್ನೆಲ್ಲ ಸರಿ ಮಾಡ್ಕೊಡ್ತೀನಿ. ಇದೊಂದು ಮುಂದಿನ ಭಾನುವಾರಾನೂ ಹೀಗೇ ಇರ್ಲಿ.”