ಕೆಂಪಿದ್ದಷ್ಟೂ ಖಾರ

ಬ್ಯಾಡಗಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದ ದಿನಗಳು ನನಗೆ ಸೀನಿನ ಜೊತೆಗೇ ನೆನಪಾಗುತ್ತವೆ. ಸುಗ್ಗಿಯಲ್ಲಿ ಮೆಣಸಿನಕಾಯಿ ಮಾರ್ಕೆಟ್ ಕಡೆಯಿಂದ ಗಾಳಿ ಬೀಸಿದರೆ ಇಡೀ ತರಗತಿ ಸೀನುತ್ತಿತ್ತು. ಹೊಸ ಮಾಸ್ತರರು ಮೂಗಿಗೆ ಕರವಸ್ತ್ರ ಹಿಡಿಯುತ್ತಿದ್ದರು. ದಿನಾ ಹಾವೇರಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ನನ್ನಂಥ ಹಳಬರು ಒಂದು ಸೀನಿಗೆ ಜಾಗ ಬಿಟ್ಟು ಪಾಠ ಮುಂದುವರಿಸುತ್ತಿದ್ದೆವು.

ಆಗ ಪಾಠವೆಂದರೆ ಸೀಮೆಸುಣ್ಣ ಮತ್ತು ಚಾರ್ಟು. ರಾಣೆಬೆನ್ನೂರಿನಿಂದ ದಪ್ಪ ಹಾಳೆ ತಂದು, ಮನೆಯ ನೆಲದ ಮೇಲೆ ಹಾಸಿ, ಹೃದಯ, ಶ್ವಾಸಕೋಶ ಬರೆಯುತ್ತಿದ್ದೆ. ನನ್ನ ಹೃದಯ ಬದನೆಕಾಯಿಯ ಹಾಗಿರುತ್ತಿತ್ತು. ಎಡ ಶ್ವಾಸಕೋಶವನ್ನು ಇಲಿ ತಿಂದ ಮೇಲೂ ಅದೇ ಚಾರ್ಟಿನಲ್ಲಿ ಎಷ್ಟೋ ವರ್ಷ ಕಲಿಸಿದೆ. ಅದರ ಮೇಲೆ ನನಗೆ ಈಗಲೂ ಮೋಹವಿದೆ, ಸುಳ್ಳೇಕೆ ಹೇಳಲಿ.

ಆಮೇಲೆ ಪ್ರೊಜೆಕ್ಟರ್ ಬಂತು, ಅದರ ಹಿಂದೆಯೇ ಇಂಟರ್ನೆಟ್ಟಿನ ಮುಕ್ತ ಪಾಠಗಳು ಬಂದವು. ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಳ್ಳಬಹುದು, ತಿದ್ದಬಹುದು, ಹಂಚಬಹುದು ಎಂದು ಮೊದಲ ಪುಟದಲ್ಲೇ ಬರೆದಿರುತ್ತಿತ್ತು. ಶಾಲೆಯಲ್ಲಿ ನೆಟ್‌ವರ್ಕ್ ಆಟವಾಡಿಸುತ್ತಿದ್ದುದರಿಂದ ಮನೆಯಲ್ಲೇ ಪೆನ್‌ಡ್ರೈವಿಗೆ ತುಂಬಿಕೊಂಡು ಒಯ್ಯುತ್ತಿದ್ದೆ. ಹೃದಯ ಬಡಿಯುವುದನ್ನು ಮಕ್ಕಳು ಮೊದಲ ಸಲ ಪರದೆಯ ಮೇಲೆ ಕಂಡಾಗ ಒಬ್ಬೊಬ್ಬರೂ ತಮ್ಮ ಎದೆಯ ಮೇಲೆ ಕೈಯಿಟ್ಟು ನೋಡಿಕೊಂಡರು. ನನ್ನ ಕಣ್ಣಲ್ಲಿ ನೀರು ಬಂತು. ಅಂದಿನಿಂದ ಪಾಠ, ಪ್ರಶ್ನೆ, ಉತ್ತರದ ಕೀಲಿ ಎಲ್ಲವೂ ತಯಾರಾಗಿ ಸಿಗತೊಡಗಿ ನಾನೂ ಸ್ವಲ್ಪ ಮೈಗಳ್ಳಿಯಾದೆ.

ಹಾಗೆ ಇಳಿಸಿಕೊಂಡದ್ದರಲ್ಲಿ ಸಸ್ಯಗಳ ಬಣ್ಣ, ರುಚಿಯ ಬಗ್ಗೆ ಒಂದು ಪಾಠವಿತ್ತು. ಮೆಣಸಿನಕಾಯಿ ಕೆಂಪಿದ್ದಷ್ಟೂ ಖಾರ ಎಂದು ಅದರಲ್ಲಿತ್ತು. ನಾನೂ ಹಾಗೆಯೇ ಕಲಿಸಿ, ಕಿರುಪರೀಕ್ಷೆಯಲ್ಲಿ ಅದನ್ನೇ ಕೇಳಿದೆ. ಒಬ್ಬ ಹುಡುಗಿ ಮಾತ್ರ, ನಮ್ಮೂರಿನ ಡಬ್ಬಿ ಜಾತಿಯ ಮೆಣಸಿನಕಾಯಿ ಎಲ್ಲಕ್ಕಿಂತ ಕೆಂಪು, ಆದರೆ ಖಾರ ಕಡಿಮೆ ಎಂದು ಬರೆದಿದ್ದಳು. ಪ್ರತಿ ಪ್ರಶ್ನೆಗೂ ಮೊದಲು ಕೈ ಎತ್ತುವವಳು ಅವಳು. ಅವಳ ತಾಯಿ ಮಾರ್ಕೆಟ್ಟಿನಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದಳು. ನಾನು ಕೀಲಿ ನೋಡಿ ತಪ್ಪು ಹಾಕಿದೆ.

ಹುಡುಗಿ ಪೇಪರ್ ಹಿಡಿದು ಬಂದಳು. "ಇದು ಖರೇ ಐತ್ರಿ ಟೀಚರ್. ನಮ್ಮವ್ವ ಹೇಳ್ಯಾಳ್ರಿ."

"ಪಾಠದಾಗ ಇದ್ದದ್ದು ಬರೀಬೇಕವಾ. ಮನ್ಯಾಗ ಕೇಳಿದ್ದೆಲ್ಲಾ ಪರೀಕ್ಷಾದಾಗ ಬರೀಬಾರ್ದು," ಎಂದೆ.

ಅದೇ ಭಾನುವಾರ ಹಾವೇರಿಯ ಅಂಗಡಿಯಲ್ಲಿ ವರ್ಷದ ಖಾರಪುಡಿಗೆ ಕಾಯಿ ತೂಗಿಸುತ್ತಿದ್ದೆ. "ಬಣ್ಣಕ್ಕ ಡಬ್ಬಿ ಜಾಸ್ತಿ ಹಾಕ್ರಿ. ಅದರಾಗ ಖಾರ ಇರೂದಿಲ್ಲ, ಸ್ವಲ್ಪ ಗುಂಟೂರು ಸೇರಸ್ರಿ," ಎಂದು ಬಾಯಿ ತನ್ನಷ್ಟಕ್ಕೆ ಹೇಳಿತು. ಹೇಳಿದವಳು ನಾನೇ. ಪ್ರತಿ ವರ್ಷ ಇದೇ ಮಾತು ಹೇಳುವವಳು, ಬ್ಯಾಡಗಿಯಲ್ಲೇ ನಿಂತು ಬ್ಯಾಡಗಿಯ ಹುಡುಗಿಗೆ ತಪ್ಪು ಹಾಕಿ ಬಂದಿದ್ದೆ. ಅಂಗಡಿಯವನ ಮುಂದೆ ತಲೆ ಎತ್ತಲಾಗದಷ್ಟು ನಾಚಿಕೆಯಾಯಿತು.

ಅಚ್ಚಾದ ಪುಸ್ತಕವಾಗಿದ್ದರೆ ತಿದ್ದಲು ವರ್ಷಗಟ್ಟಲೆ ಕಾಯಬೇಕಿತ್ತು. ಈ ಮುಕ್ತ ಪಾಠವನ್ನು ಯಾರಾದರೂ ತಿದ್ದಬಹುದೆಂಬುದು ಆಗ ನೆನಪಾಯಿತು. ಕಂಪ್ಯೂಟರ್ ಬಲ್ಲ ರಾಣೆಬೆನ್ನೂರಿನ ಗೆಳತಿಯೊಬ್ಬಳು ಹೇಳಿಕೊಟ್ಟಳು. ಹುಡುಗಿಯ ವಾಕ್ಯವನ್ನೇ ಪಾಠಕ್ಕೆ ಸೇರಿಸಿ ಮತ್ತೆ ಹಂಚಿದೆ. ಕುಪ್ಪೇಲೂರಿನ ಶಾಲೆಯ ಮಾಸ್ತರರೊಬ್ಬರು ತಾವೂ ಅದನ್ನೇ ಕಲಿಸಿದ್ದಾಗಿ ಫೋನ್ ಮಾಡಿದಾಗ ಹಿಗ್ಗಿದೆ. ತರಗತಿಯಲ್ಲಿ ಎಲ್ಲರೆದುರು ತಪ್ಪೊಪ್ಪಿಕೊಂಡು ಅಂಕ ಕೊಟ್ಟೆ. ಹುಡುಗಿ ತಲೆ ತಗ್ಗಿಸಿ ಕೂತಿದ್ದಳು. ಸಂಕೋಚವಿರಬೇಕು ಅಂದುಕೊಂಡೆ.

ಮುಂದಿನ ಪರೀಕ್ಷೆಗೆ ಕೀಲಿ ಬದಿಗಿಟ್ಟು ನಾನೇ ಪ್ರಶ್ನೆ ಬರೆದೆ. ಒಣಮೆಣಸಿನಕಾಯಿಯನ್ನು ಕೋಲ್ಡ್ ಸ್ಟೋರೇಜಿನಲ್ಲಿ ಏಕೆ ಇಡುತ್ತಾರೆ? ಅವಳಿಗೆಂದೇ ಕೇಳಿದ ಪ್ರಶ್ನೆ ಅದು. ಉಳಿದವರು ತೋಚಿದ್ದು ಗೀಚಿದ್ದರು. ಅವಳು ಆ ಜಾಗವನ್ನು ಖಾಲಿ ಬಿಟ್ಟಿದ್ದಳು.

ಕರೆದು ಕೇಳಿದೆ. "ಇದು ನಿನಗ ಗೊತ್ತಿರಲಿಲ್ಲೇನು?"

"ಗೊತ್ತೈತ್ರಿ. ಬಣ್ಣ ಹೋಗಬಾರ್ದಂತ ಇಡ್ತಾರ್ರಿ."

"ಮತ್ಯಾಕ ಬರೀಲಿಲ್ಲ?"

"ಅದು ಪಾಠದಾಗ ಇರಲಿಲ್ಲಲ್ರಿ ಟೀಚರ್. ನಮ್ಮವ್ವ ಹೇಳಿದ್ದು, ಅದಕ್ಕ ಬಿಟ್ಟೇನ್ರಿ."