ಎರಡು ಬೆಳೆ ಬಾಳುವ ಅಂಗಿ

ಅಂಗಿ ಕೊಳ್ಳುವುದರಲ್ಲಿ ನಾನು ಜಾಣ ಎಂದು ಬಹುಕಾಲ ನಂಬಿದ್ದೆ. ಗಂಗಾವತಿಯ ಅಂಗಡಿಯ ಕನ್ನಡಿ ಮುಂದೆ ನಿಂತು, ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿ, ಹೊಟ್ಟೆಯನ್ನು ಒಳಗೆಳೆದುಕೊಂಡು ಒಪ್ಪಿಗೆ ಕೊಡುತ್ತಿದ್ದೆ. ‘ಊಟ ತನ್ನಿಚ್ಛೆ, ನೋಟ ಪರರಿಚ್ಛೆ’ ಎಂದ ಹಿರಿಯರು, ಆ ಹೊಟ್ಟೆ ಎಷ್ಟು ಹೊತ್ತು ಒಳಗಿದ್ದೀತು ಎಂಬುದನ್ನು ಮಾತ್ರ ಹೇಳಿಲ್ಲ. ಹೈಸ್ಕೂಲು ಮಾಸ್ತರನಾದ ನನಗೆ ಬಟ್ಟೆಯ ಪಾಠ ಹೇಳಿದವಳು ನಮ್ಮ ಹಿಂದಿನ ಓಣಿಯ ಹುಲಿಗೆಮ್ಮ.

ಅವಳು ಶ್ರೀರಾಮನಗರದ ಕಡೆ ಗದ್ದೆಗಳಿಗೆ ಕಳೆ ಕೀಳಲು ಹೋಗುವವಳು. ನಮ್ಮಲ್ಲಿ ಗದ್ದೆಗಿಳಿಯುವ ಹೆಂಗಸರು ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ ತೊಡುತ್ತಾರೆ. ಬಿಸಿಲಿಗೂ ಅದೇ, ಭತ್ತದ ಗರಿ ಕೈ ಕೊಯ್ಯದಂತೆ ಕಾಯಲೂ ಅದೇ. ಹುಲಿಗೆಮ್ಮನ ಅಂಗಿಯ ತೋಳು ಮೊಳಕೈವರೆಗೆ ಹರಿದು, ಕೈತುಂಬ ಗೀರೆದ್ದಿತ್ತು. ಜಳಕದ ನೀರು ಬಿದ್ದರೂ ಉರಿಯುತ್ತದೆಂದು ನನ್ನ ಹೆಂಡತಿಗೆ ಹೇಳಿ, ಹಳೆಯದೊಂದು ಅಂಗಿ ಇದ್ದರೆ ಕೊಡಿ ಅಂದಳು.

ನನ್ನೊಳಗಿನ ದಾನಶೂರ ಎದ್ದು ಕೂತ. ಕೊಪ್ಪಳದ ಮದುವೆಯೊಂದಕ್ಕೆ ಕೊಂಡು ಎರಡೇ ಸಲ ತೊಟ್ಟಿದ್ದ, ಮಿರಮಿರ ಮಿಂಚುವ ದುಬಾರಿ ಅಂಗಿಯನ್ನೇ ಕೊಟ್ಟುಬಿಟ್ಟೆ. ಅದರ ಗುಂಡಿ ನನ್ನ ಹೊಟ್ಟೆಯ ಮೇಲೆ ಹತ್ತುತ್ತಿರಲಿಲ್ಲ ಎಂಬುದು ನಮ್ಮಿಬ್ಬರಲ್ಲೇ ಇರಲಿ. ಎರಡೇ ದಿನಕ್ಕೆ ಅದು ಒಗೆಸಿಕೊಂಡು, ಮಡಚಿಸಿಕೊಂಡು ಮರಳಿ ಬಂತು. ಅವಳ ಕುತ್ತಿಗೆಯ ತುಂಬ ಬೆವರುಸಾಲೆ.

“ತಪ್ಪ ತಿಳೀಬ್ಯಾಡ್ರಿ ಮಾಸ್ತರ್ರ. ನೋಡಾಕ ಭಾಳ ಛಲೋ ಐತ್ರಿ, ಆದ್ರ ಬೆವರು ಕುಡಿಯಂಗಿಲ್ಲ,” ಅಂದಳು.

ಆಗ ನನ್ನ ಮೈಮೇಲಿದ್ದದ್ದು ಏಳು ವರ್ಷದ ಹತ್ತಿಯ ಅಂಗಿ. ಅಗ್ಗದ್ದು, ಬಣ್ಣ ಹೋದದ್ದು, ಒಗೆದು ಒಗೆದು ಮೆತ್ತಗಾದದ್ದು. ಸಾಲಿಯಿಂದ ಬಂದು ಅದನ್ನು ತೊಟ್ಟ ಮೇಲೆಯೇ ನನಗೆ ಮನೆಗೆ ಬಂದೆ ಅನ್ನಿಸುವುದು. ಮಿಂಚುವ ಅಂಗಿ ಕೊಡುವಾಗ ಚಣವೂ ತಡೆಯದವನು ಈಗ ತಡವರಿಸಿದೆ. ಬೇಡವಾದದ್ದನ್ನು ಕೊಟ್ಟು ದಾನಿ ಅನ್ನಿಸಿಕೊಂಡಿದ್ದೆನಲ್ಲ ಎಂದು ನಾಚಿಕೆಯಾಯಿತು. ಒಳಗೆ ಹೋದವನು ಬನಿಯನ್ನಿನಲ್ಲಿ ಹೊರಬಂದೆ.

ಹುಲಿಗೆಮ್ಮ ಅಂಗಿಯನ್ನು ಸುಮ್ಮನೆ ತೆಗೆದುಕೊಳ್ಳಲಿಲ್ಲ. ಕಂಕುಳ ಹೊಲಿಗೆ ಜಗ್ಗಿದಳು, ಮೊಳಕೈಯನ್ನು ಬೆಳಕಿಗೆ ಹಿಡಿದಳು. ಆಮೇಲೆ ತೀರ್ಪು ಕೊಟ್ಟಳು: “ಇನ್ನೂ ಎರಡು ಬೆಳಿ ಬಾಳಿಕಿ ಬರ್ತೈತ್ರಿ.”

ಬಟ್ಟೆಯ ಆಯುಸ್ಸನ್ನು ಬೆಳೆಯಲ್ಲಿ ಅಳೆದದ್ದನ್ನು ನಾನು ಅದೇ ಮೊದಲು ಕೇಳಿದ್ದು. ಈಗ ಅಂಗಡಿಗೆ ಹೋದರೆ ಕನ್ನಡಿಯತ್ತ ನೋಡುವುದಿಲ್ಲ, ಕಂಕುಳ ಜಗ್ಗುತ್ತೇನೆ. ಅಂಗಡಿಯವರು ನನ್ನನ್ನು ಕಂಡರೆ ಒಳ್ಳೆಯ ಮಾಲು ಒಳಗಿಡುತ್ತಾರೋ ಏನೋ.

ಕಳೆ ಮುಗಿದ ಮೇಲೆ ಹುಲಿಗೆಮ್ಮ ಬಂದು ಎರಡೂ ಕೈ ಚಾಚಿ ತೋರಿಸಿದಳು. ಗೀರೆಲ್ಲ ಮಾಯ್ದಿದ್ದವು. ನನ್ನ ಅಂಗಿಯಿಂದ ಕೈ ಉಳಿದವು ಎಂದು ಉಪಕಾರ ನೆನೆದಳು. ಆ ಕೈಗಳು ಬೆಳೆದ ಅನ್ನ ಇಷ್ಟು ವರ್ಷ ಉಂಡೂ ನಾನು ಒಮ್ಮೆಯೂ ಹಾಗೆ ನೆನೆದವನಲ್ಲ. ಅವತ್ತು ಬಾಯಿಬಿಟ್ಟು ಹೇಳಿದೆ, ನಿನ್ನ ಋಣ ದೊಡ್ಡದು ತಾಯಿ ಎಂದು. ಅವಳಿಗೆ ನಗು ಬಂತು.

“ಅದಿರ್ಲಿ ಬಿಡ್ರಿ. ಈಗ ಹಾಕ್ಕೊಂಡಿದ್ದು ಯಾವಾಗ ಹಳೇದಾಕ್ಕೈತ್ರಿ?”

ಅಂದಿನಿಂದ, ಕಂಕುಳ ಜಗ್ಗಿ ಕೊಂಡ ಈ ಹೊಸ ಹತ್ತಿಯ ಅಂಗಿಯನ್ನು ಬಿಡದೆ ತೊಡುತ್ತಿದ್ದೇನೆ. ಬೇಸಿಗೆ ಬೆಳೆ ಮುಗಿಯುವ ಹೊತ್ತಿಗಾದರೂ ಮೆತ್ತಗಾಗಬೇಕು.