ಅಳಿಯ ಎಂಬ ಪದಕ್ಕೊಂದು ಚೀಟಿ

ವಿಲ್ನಾದಲ್ಲಿ ಕೈಗವಸು ಹೊಲಿಯುತ್ತಿದ್ದ ಫೈವಿಶ್‌ಗೆ ಪದಗಳ ಹುಚ್ಚು. ಅಲ್ಲಿನ ಯಹೂದಿಗಳ ಮನೆಮಾತಾದ ಯಿಡ್ಡಿಷ್‌ಗೆ ನಿಘಂಟು ಕಟ್ಟುತ್ತಿದ್ದ ಪಂಡಿತರಿಗೆ ಅವನು ಸಂಬಳವಿಲ್ಲದ ಸಂಗ್ರಾಹಕ. ಪದಕ್ಕೊಂದು ಚೀಟಿ: ಅರ್ಥ, ಬೇರು, ಕೊನೆಗೆ ಕಿವಿಯಾರೆ ಕೇಳಿದ ಒಂದು ವಾಕ್ಯ. ಒಮ್ಮೆ ಮೀನಿನವಳ ಬೈಗುಳ ಬರೆದುಕೊಳ್ಳುವ ಭರದಲ್ಲಿ ಮೀನನ್ನೇ ಮರೆತು ಬಂದಿದ್ದ.

"ಇವತ್ತು ಬೈಗುಳಾನೇ ಬೇಯಿಸ್ಲೇನ್ರೀ?" ಎಂದಿದ್ದಳು ಹೆಂಡತಿ ದ್ವೊಶೆ.

ಆ ಚಳಿಗಾಲ ಅವನು ‘ಎಯ್ಡೆಮ್’ ಎಂಬಲ್ಲಿ ಸಿಕ್ಕಿಬಿದ್ದ. ಅಳಿಯ ಎಂದರ್ಥ. ಬೇರನ್ನೂ ಬರೆದ: ನಮ್ಮ ಹಿರಿಯರು ಜರ್ಮನ್ ಸೀಮೆ ಬಿಟ್ಟು ಹೊರಟಾಗ ಪಾತ್ರೆ ಪಡಗದ ಜೊತೆ ಹೊತ್ತು ತಂದ ಮಾತು, ಆಣೆ ಎಂಬರ್ಥದ ಹಳೆಯ ಪದದ ಬಳ್ಳಿಯದಿರಬಹುದೆಂದು ಕೆಲವು ಪಂಡಿತರ ಊಹೆ, ಜರ್ಮನರು ಈಗ ಅದನ್ನು ಅಟ್ಟಕ್ಕೆಸೆದು ಬೇರೊಂದು ಉದ್ದನೆಯ ಪದ ಹಿಡಿದಿದ್ದಾರೆ. ಅವರು ಬಿಟ್ಟದ್ದನ್ನು ನಾವು ಬಿಟ್ಟಿಲ್ಲ.

ವಾಕ್ಯದ ಜಾಗ ಮಾತ್ರ ಖಾಲಿ ಉಳಿಯಿತು; ಆ ಪದ ಅವನ ಮನೆಯಲ್ಲೇ ಕೇಳಿಸಬೇಕಿತ್ತು. ಮಗಳು ಇಟ್ಕೆಗೂ ಮುದ್ರಣಾಲಯದ ಗಿಂಪ್ಲ್‌ಗೂ ಪದ್ಧತಿಯಂತೆ ತಟ್ಟೆ ಒಡೆದು ಮದುವೆ ನಿಶ್ಚಯವಾಗಿತ್ತು. ಮದುವೆಗೆ ತಿಂಗಳಿದೆ ಎನ್ನುವಾಗ ವಿಷಮಶೀತ ಜ್ವರ ಅವಳನ್ನು ಕೊಂಡೊಯ್ದಿತ್ತು. ಆದರೂ ಆಮೇಲಿನ ಎರಡು ವರ್ಷ ಗಿಂಪ್ಲ್ ಅವರ ಮನೆಯ ಶನಿವಾರದ ಊಟ ತಪ್ಪಿಸಲಿಲ್ಲ. ಕೋಳಿಯ ಒಳ್ಳೆಯ ತುಂಡು ಅವನ ತಟ್ಟೆಗೇ ಬೀಳುತ್ತಿತ್ತು.

ಒಂದು ಮಂಗಳವಾರ ಅವನು ಟೋಪಿ ಕೈಯಲ್ಲಿ ಹಿಡಿದು ಬಂದ. ಶನಿವಾರವಲ್ಲದ ದಿನ ಬಂದದ್ದು ನೋಡಿಯೇ ದ್ವೊಶೆಗೆ ಗೊತ್ತಾಯಿತು.

"ಬೇರೆ ಕಡೆ ಹೆಣ್ಣು ಗೊತ್ತಾಗಿದೆ. ಮೊದಲು ನಿಶ್ಚಯವಾಗಿದ್ದ ಮನೆಯವರು ನೀವು, ಪದ್ಧತಿಯಂತೆ ಮೂರು ಸಲ ಕ್ಷಮಿಸಿದೆ ಅನ್ನದೆ ನಾನು ಮದುವೆ ಚಪ್ಪರಕ್ಕೆ ಕಾಲಿಡಲ್ಲ."

"ಅಯ್ಯೋ, ನೀನೇನಪ್ಪಾ ತಪ್ಪು ಮಾಡಿದ್ದೀಯ?" ಎಂದ ಫೈವಿಶ್. "ಕ್ಷಮಿಸಿದೆ." ಮತ್ತೆ, "ಕ್ಷಮಿಸಿದೆ."

ಮೂರನೆಯದು ಬರಲಿಲ್ಲ. ಪದಗಳಿಗೆಂದೇ ಬದುಕಿದ ಮನುಷ್ಯ ಬಾಯಿ ತೆರೆದುಕೊಂಡು ಕೂತ. ಗಿಂಪ್ಲ್ ಟೋಪಿಯ ಅಂಚು ತಿರುಗಿಸುತ್ತ ನಿಂತೇ ಇದ್ದ.

"ಅಂದ್ಬಿಡ್ರೀ," ಎಂದಳು ದ್ವೊಶೆ ಮೆಲ್ಲಗೆ. "ಮಗು ಎಷ್ಟು ಹೊತ್ತು ನಿಂತಿರ್ಬೇಕು?"

"ಕ್ಷಮಿಸಿದೆ."

ಗಿಂಪ್ಲ್ ಕಣ್ಣೊರೆಸಿಕೊಂಡ. ಏನಾದರೂ ಆಡಬೇಕಲ್ಲ ಎಂದು ಫೈವಿಶ್ ಕೇಳಿದ: "ಹೆಣ್ಣಿನಪ್ಪ ಏನ್ ಮಾಡ್ತಾರೆ?"

"ಬೇಕರಿ ಇದೆ, ಮಾವ."

"ಹಾಗಾದ್ರೆ ಬಿಸಿ ರೊಟ್ಟಿಗೆ ಮೋಸ ಇಲ್ಲ ಬಿಡು," ಎಂದು ಫೈವಿಶ್ ನಗಲು ನೋಡಿದ. ಬಾಗಿಲವರೆಗೆ ಹೋಗಿ, ಅವನ ಕೋಟಿನ ಗುಂಡಿ ತಾನೇ ಹಾಕಿದ. "ಮಾವ ಅನ್ನೋದನ್ನ ಇನ್ಮೇಲೆ ಅವರಿಗೆ ಅನ್ನಪ್ಪ. ಇಲ್ದಿದ್ರೆ ಬೇಜಾರು ಮಾಡ್ಕೋತಾರೆ."